ಕಾಲು ಗಂಟೆ ನಿಲ್ಲುವ ವ್ಯಾನು

ಲಾಂಡ್ರಿಯ ಹಳೇ ವ್ಯಾನು ಓಡಿಸುತ್ತಿದ್ದವನನ್ನು ಎಲ್ಲರೂ ಗುಮ್ಮಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಕೇಳಿದ್ದಕ್ಕೆ ‘ಹೂಂ’, ಕೇಳದ್ದಕ್ಕೆ ಅದೂ ಇಲ್ಲ ಎನ್ನುವ ಮನುಷ್ಯನನ್ನು ಇನ್ನೇನೆಂದು ಕರೆಯುತ್ತಾರೆ? ಬೆಳಿಗ್ಗೆ ಆಸ್ಪತ್ರೆಗಳಿಂದ ಮಾಸಿದ ಹಾಸಿಗೆ ಬಟ್ಟೆ ತರುವುದು, ಮಧ್ಯಾಹ್ನ ಒಗೆದು ಮಡಿಸಿದ್ದನ್ನು ಕೊಟ್ಟು ಬರುವುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಹೆಂಡತಿ ಸತ್ತಾಗಲೂ ಅವನು ಅಳಲಿಲ್ಲ. ಮಣ್ಣು ಮಾಡಿ ಬಂದ ಮಾರನೇ ದಿನವೇ ವ್ಯಾನು ತೆಗೆದ. ಮನೆಯಲ್ಲಿ ಕೂತು ಏನು ಮಾಡಬೇಕೆಂದು ಹೊಳೆದಿರಲಿಲ್ಲ, ಅಷ್ಟೇ. ಒಳಗೆಲ್ಲ ಜೋಮು ಹಿಡಿದಂತಾಗಿತ್ತು. ಚಿವುಟಿದರೂ ತನ್ನ ಮೈ ಎನಿಸದು. ಮಗಳಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? “ಅಮ್ಮ ಹೋಗಿ ಒಂದು ದಿನ ಆಗಿಲ್ಲ, ಡ್ಯೂಟಿಗೆ ಹೊರಟ್ರಲ್ಲ. ನಿಮ್ಮದು ಎದೆಯೋ ಕಲ್ಲೋ? ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ” ಎಂದುಬಿಟ್ಟಳು. ಅವನು ಹತ್ತಲಿಲ್ಲ. ಹೇಳಿದ ಮಾತು ಮೀರುವ ಆಸಾಮಿಯೇ ಅಲ್ಲ. ಇದಾಗಿ ಎರಡು ವರ್ಷ.

ಆದರೆ ಎದುರು ಬದಿಯಲ್ಲಿ ಗಾಡಿ ನಿಲ್ಲಿಸಬೇಡಿ ಎಂದು ಅವಳು ಹೇಳಿರಲಿಲ್ಲವಲ್ಲ. ದಿನಾ ಬಟ್ಟೆ ಕೊಟ್ಟು ವಾಪಸಾಗುವಾಗ ಅವಳ ಹೊಲಿಗೆ ಅಂಗಡಿಯ ಎದುರು, ಮುಚ್ಚಿಹೋದ ಗೋದಾಮಿನ ಗೋಡೆಗೆ ಒತ್ತಿ ವ್ಯಾನು ನಿಲ್ಲಿಸುತ್ತಿದ್ದ. ಕಾಲು ಗಂಟೆ. ಮಗಳು ಮಿಷನ್ ತುಳಿಯುವುದನ್ನು, ಹಲ್ಲಿನಲ್ಲಿ ದಾರ ಕಡಿಯುವುದನ್ನು, ಗಿರಾಕಿಗಳ ಜೊತೆ ಜಗಳ ಆಡುವುದನ್ನು ನೋಡುತ್ತ ಕೂರುತ್ತಿದ್ದ. ನೋಡಿ ಸಂತೋಷವಾಗುತ್ತಿತ್ತೇ ಎಂದರೆ ಅದೂ ಇಲ್ಲ. ನೋಡದೆ ಹೋದರೆ ಮಾತ್ರ ಆ ದಿನ ಮುಗಿಯುತ್ತಿರಲಿಲ್ಲ.

ಹೀಗಿರುವಾಗ ವ್ಯಾನು ಕೈಕೊಡತೊಡಗಿತು. ಒಂದು ದಿನ ಸರಿಯಾಗಿರುವುದು, ಇನ್ನೊಂದು ದಿನ ಕೀ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುವುದು. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುವುದು. ಲಾಂಡ್ರಿ ಯಜಮಾನರು ತಡ ನೋಡಿ ನೋಡಿ ಸಾಕಾಗಿ, “ಇನ್ನೆರಡು ವಾರ ನೋಡ್ತೀನಿ. ಹೀಗೇ ದಾರೀಲಿ ನಿಂತ್ರೆ ಗುಜರಿಗೆ ಹಾಕ್ತೀನಿ. ನೀನು ಇಸ್ತ್ರಿ ಮೇಜಿಗೆ ಬಾ” ಎಂದರು. ಇಸ್ತ್ರಿ ಅವನಿಗೇನೂ ಕಷ್ಟವಲ್ಲ. ಆದರೆ ಇಸ್ತ್ರಿ ಮೇಜಿನಿಂದ ಮಗಳ ಅಂಗಡಿ ಕಾಣುವುದಿಲ್ಲ.

ಮೆಕ್ಯಾನಿಕ್ ಎಂದರೆ ಹೆಂಡತಿಯ ತಮ್ಮನೇ. ಬಾಯಿ ದೊಡ್ಡದು, ಕೈ ಬಂಗಾರ.

“ಎಲ್ಲಿ ಕೈಕೊಡ್ತದೆ ಭಾವ?”

“ಎಲ್ಲಂದ್ರಲ್ಲಿ.”

“ಯಾವಾಗ?”

“ಯಾವಾಗಂದ್ರೆ ಆವಾಗ.”

ಇಂಥ ಉತ್ತರ ಇಟ್ಟುಕೊಂಡು ಯಾರು ತಾನೇ ರಿಪೇರಿ ಮಾಡಿಯಾರು? ಆದರೂ ಭಾವಮೈದ ಬ್ಯಾಟರಿ ಬದಲಾಯಿಸಿದ, ಟರ್ಮಿನಲ್ ಉಜ್ಜಿದ, ಕೀ ಹಿಂದಿನ ವೈರುಗಳನ್ನೆಲ್ಲ ಜಾಲಾಡಿದ. ಗ್ಯಾರೇಜಿನಲ್ಲಿ ಹತ್ತು ಸಲ ತಿರುಗಿಸಿದರೆ ಹತ್ತು ಸಲವೂ ಸ್ಟಾರ್ಟ್. ರಸ್ತೆಗಿಳಿದ ಮೂರನೇ ದಿನ ಮತ್ತೆ ‘ಟಕ್’.

ಭಾವಮೈದ ಸ್ಪ್ಯಾನರ್ ಕೆಳಗಿಟ್ಟ. “ಡಾಕ್ಟರ ಹತ್ರ, ವಕೀಲರ ಹತ್ರ ಸುಳ್ಳು ಹೇಳಬಾರದು ಅಂತಾರೆ. ನನ್ನ ಹತ್ರ ಹೇಳಬಹುದಾ ಭಾವ? ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗತ್ತೆ. ಆಸ್ಪತ್ರೇಲಿ ಐದು ನಿಮಿಷ ನಿಂತ್ರೂ ಆಗತ್ತೆ. ಕಾದ ಇಂಜಿನ್ ಆಫ್ ಮಾಡಿ ಇನ್ನೂ ಸ್ವಲ್ಪ ಹೊತ್ತು ಬಿಟ್ರೆ, ಸೈಲೆನ್ಸರ್ ಪೈಪಿನ ಕಾವೆಲ್ಲ ಪಕ್ಕದಲ್ಲಿ ಗಾಡಿ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟರಿಗೆ ಏರತ್ತೆ. ಆಗ ಅದು ತಿರುಗಲ್ಲ ಅಂತ ನನ್ನ ಅನುಮಾನ. ನಿಜ ಹೇಳಿ, ಅಷ್ಟು ಹೊತ್ತು ಎಲ್ಲಿ ನಿಲ್ತೀರಿ?”

ಗುಮ್ಮಣ್ಣ ಟೀ ಕುಡಿಯೋಕೆ ಎನ್ನಬಹುದಿತ್ತು. ಕಳ್ಳನಿಗೊಂದು ಪಿಳ್ಳೆ ನೆವ. ಆದರೆ ಹೊಸ ಸುಳ್ಳು ಹೊಂದಿಸುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

“ಮಗಳ ಅಂಗಡಿ ಎದುರು,” ಎಂದ. “ದಿನಾ ಕಾಲು ಗಂಟೆ. ಅವಳಿಗೆ ಹೇಳಬೇಡ.”

“ನಾನ್ಯಾಕೆ ಹೇಳ್ಲಿ,” ಎಂದ ಭಾವಮೈದ. ಹುಟ್ಟಿದಂದಿನಿಂದ ಎಲ್ಲರನ್ನೂ ರೇಗಿಸಿಕೊಂಡೇ ಬಂದವನಿಗೆ ಅವತ್ತು ಒಂದು ತಮಾಷೆಯೂ ಹೊಳೆಯಲಿಲ್ಲ.

ಊರೆಲ್ಲ ಸುತ್ತಿ ಇಂಜಿನ್ ಕಾಯಿಸಿ ತಂದು, ಗ್ಯಾರೇಜಿನಲ್ಲೇ ಕಾಲು ಗಂಟೆ ನಿಲ್ಲಿಸಿದರು. ಕೀ ತಿರುಗಿಸಿದರೆ ‘ಟಕ್’. ಭಾವಮೈದ ಗಾಡಿಯಡಿ ಮಲಗಿ ವೈರಿಗೆ ಬಲ್ಬು ಹಿಡಿದು ನೋಡಿದ: ಕರೆಂಟು ಸೆಲ್ಫಿನ ತನಕ ಚೆನ್ನಾಗಿಯೇ ಬರುತ್ತಿದೆ, ಸೆಲ್ಫ್ ಮಾತ್ರ ಮಿಸುಕುತ್ತಿಲ್ಲ. “ಸಿಕ್ಕಿಬಿದ್ದ ನೋಡಿ ಕಳ್ಳ,” ಎಂದ. ಅದನ್ನು ಬಿಚ್ಚಿ ಒಳಗೆ ಸವೆದದ್ದನ್ನೆಲ್ಲ ಬದಲಾಯಿಸಿ, ಪೈಪಿನ ಕಾವು ತಾಕದಂತೆ ನಡುವೆ ಒಂದು ತಗಡು ಬಿಗಿದ.

ಮಾರನೇ ದಿನ ಗುಮ್ಮಣ್ಣ ಎಂದಿನಂತೆ ಗೋದಾಮಿನ ಗೋಡೆಗೆ ಒತ್ತಿ ನಿಲ್ಲಿಸಿದ. ಕಾಲು ಗಂಟೆ ಕಳೆದು ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಇನ್ನು ಇಸ್ತ್ರಿ ಮೇಜಿನ ಮಾತಿಲ್ಲ. ಆದರೆ ಅವನಿಗೆ ನೆನಪಾದದ್ದು ಬೇರೆ: ಕೆಟ್ಟು ನಿಂತ ದಿನ ಇನ್ನೂ ಅರ್ಧ ಗಂಟೆ ಸಿಗುತ್ತಿತ್ತು. ಇಂಜಿನ್ ಆಫ್ ಮಾಡಿ ಹಾಗೇ ಕೂತ.

ಕಿಟಕಿಯ ಹತ್ತಿರ ಯಾರೋ ಬಂದಂತಾಯಿತು. ನೋಡಿದರೆ ಮಗಳು, ಕೊರಳಲ್ಲಿ ಅಳತೆ ಟೇಪು.

“ಗಾಡಿ ರಿಪೇರಿ ಆಯ್ತಾ?”

“ಹೂಂ.”

“ಹಾಗಾದ್ರೆ ಇನ್ಮೇಲೆ ದಿನಾ ಕಾಲು ಗಂಟೆನೇನಾ ಅಪ್ಪ?”

ಅಂದರೆ ಇಷ್ಟು ದಿನ ಅವಳೂ ಗಡಿಯಾರ ನೋಡುತ್ತಿದ್ದಳು. ಅವನಿಗೆ ‘ಹೂಂ’ ಎನ್ನಲೂ ಆಗಲಿಲ್ಲ. ಎದೆಯಲ್ಲಿ ಎಲ್ಲೋ ನೋಯಿತು, ಎರಡು ವರ್ಷದ ಮೇಲೆ.

ಮಗಳು ವ್ಯಾನಿನ ಬಾಗಿಲು ತೆಗೆದು ಹಿಡಿದಳು. “ಇಳೀರಿ. ಅಂಗಡಿಗೆ ಇರೋದು ಎರಡೇ ಮೆಟ್ಟಿಲು.”

ಅವನು ಇಳಿದ. ಕೀ ಗಾಡಿಯಲ್ಲೇ ಉಳಿಯಿತು.