ಆಯಿ ಮುಟ್ಟದೆ ಬೇಯಿಸಿದ ಕವುಜಗ

ಒಣಕೊಬ್ಬರಿ ಸುಡುವ ವಾಸನೆ ಎಲ್ಲಿಂದ ಬಂದರೂ ನನ್ನ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. ತುರಿದು ಬಾಣಲೆಯಲ್ಲಿ ಹುರಿದರೆ ಆ ವಾಸನೆ ಬರುವುದಿಲ್ಲ; ಇಡೀ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಉರಿಗೇ ಒಡ್ಡಬೇಕು, ಅಂಚು ಹೊತ್ತಿಕೊಂಡು ಎಣ್ಣೆ ಚಟಪಟ ಸಿಡಿಯಬೇಕು, ಆಮೇಲೆ ಊದಿ ಆರಿಸಬೇಕು. ಮೊನ್ನೆ ಚಿಕ್ಕೋಡಿಯ ನಮ್ಮ ಓಣಿಯಲ್ಲಿ ಯಾರೋ ಹಾಗೆ ಸುಟ್ಟರು. ಒಗೆದ ಸೀರೆಯನ್ನು ಹಗ್ಗದ ಮೇಲೆ ಅರ್ಧ ಹರವಿ ಹಾಗೇ ನಿಂತುಬಿಟ್ಟೆ. ಆಗಷ್ಟೇ ಊಟ ಮುಗಿಸಿದ್ದೆ, ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಆದರೂ ಬಾಯಲ್ಲಿ ನೀರೂರಿತು, ಅದರ ಹಿಂದೆಯೇ ಕಣ್ಣಲ್ಲೂ. ಈ ಎರಡು ನೀರೂ ಒಟ್ಟಿಗೆ ಬರುವ ವಯಸ್ಸು ನನ್ನದು. ನಿಮ್ಮದೂ ಆಗಿದ್ದರೆ ನಾನು ಯಾವ ಮನೆಯ ಮಾತು ಆಡುತ್ತಿದ್ದೇನೆಂದು ಅರ್ಧ ಆಗಲೇ ತಿಳಿದಿರುತ್ತದೆ.

ರಾಯಬಾಗದ ಕಡೆ, ಹೊಲದೊಳಗೇ ಇದ್ದ ಮಣ್ಣಿನ ಮನೆ ಅದು. ಒಳಗಿನ ಒಲೆಯ ಮೇಲೆ ರೊಟ್ಟಿ, ಬೇಳೆ, ಹಾಲು. ಮಾಂಸಕ್ಕೆ ಮಾತ್ರ ಅಂಗಳದಾಚೆ, ದನದ ಕೊಟ್ಟಿಗೆಯ ಮಗ್ಗುಲಲ್ಲಿ ಬೇರೆ ಒಲೆ. ಆ ಗಡಿಗೆಯೂ ಬೇರೆ, ಸೌಟೂ ಬೇರೆ. ಅವು ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಆ ಹೊರಗಿನ ಒಲೆಗೆ ಒಡತಿ ನನ್ನ ಅಪ್ಪನ ತಾಯಿ, ನಮ್ಮ ಆಯಿ. ಕುರಿ, ಕೋಳಿಯನ್ನು ಯಾರಾದರೂ ಬೇಯಿಸಿಯಾರು, ಹೊಲದ ಕವುಜಗವನ್ನು ಬೇಯಿಸಬೇಕಾದರೆ ಆಯಿಯೇ ಬೇಕು ಎಂಬುದು ಸುತ್ತಲಿನ ಹೊಲದವರೆಲ್ಲ ಒಪ್ಪಿದ ಮಾತು. ಕವುಜಗ ಹಾರುವುದಕ್ಕಿಂತ ಹೆಚ್ಚು ಓಡುವ ಹಕ್ಕಿ. ಮೈಯಲ್ಲಿ ಚೂರೂ ಕೊಬ್ಬಿರುವುದಿಲ್ಲ, ತೊಡೆಯೆಲ್ಲ ನರ. "ಜನ್ಮಾ ಎಲ್ಲಾ ಓಡಿ ದಣದದ್ದೈತಿ. ಅದಕ್ಕ ಇಲ್ಲೇರ ಅವಸರ ಮಾಡಬ್ಯಾಡ್ರಿ," ಅನ್ನುತ್ತಿದ್ದಳು ಆಯಿ. ಗಡಿಗೆಯ ತಳದಲ್ಲಿ ಕುರಿಯ ನೆಣ ಕರಗಬೇಕು, ಅದರ ಮೇಲೆ ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಆಮೇಲೆ ಹಕ್ಕಿ, ಕೊಬ್ಬರಿ-ಎಳ್ಳು-ಬೆಳ್ಳುಳ್ಳಿ ಅರೆದ ಮಸಾಲೆ, ಅಳತೆಯ ನೀರು. ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿ, ಕೆಳಗೆ ಸಗಣಿ ಕುಳ್ಳಿನ ಕೆಂಡ, ಮುಚ್ಚಳದ ಮೇಲೂ ಒಂದಿಷ್ಟು ಕೆಂಡ. ಊಟದ ಹೊತ್ತಿನ ತನಕ ಅದನ್ನು ತೆಗೆಯುವಂತಿಲ್ಲ. ನಡುವೆ ಒಮ್ಮೆ ಬಾಯಿ ತೆರೆಸಿದರೆ ಹಬೆ ಹೋಗಿ ಹಕ್ಕಿ ಹಗ್ಗವಾಗುತ್ತದೆ. ಆಯಿ ಉಪ್ಪು ನೋಡುತ್ತಿರಲಿಲ್ಲ, ರುಚಿ ಹೇಗಾಗಿದೆಯೆಂದು ಯಾರನ್ನೂ ಕೇಳುತ್ತಲೂ ಇರಲಿಲ್ಲ. ಕೇಳುವುದೇನಿದೆ, ಮುತ್ಯಾನ ತಟ್ಟೆ ನೋಡಿದರೆ ಸಾಕಿತ್ತು. ನನ್ನ ಅಜ್ಜ ಮುತ್ಯಾ ಎಲುಬನ್ನು ಎಷ್ಟು ಚೊಕ್ಕ ಮಾಡಿ ಇಡುತ್ತಿದ್ದನೆಂದರೆ ನಮ್ಮ ನಾಯಿ ಅವನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಿ ಕೂರುತ್ತಿತ್ತು.

ಹಕ್ಕಿ ಹಿಡಿಯುವುದು ತಪ್ಪೆಂಬ ಕಾಯಿದೆ ಆಗ ಬಂದಿತ್ತೋ ಇಲ್ಲವೋ, ನಮ್ಮ ಹೊಲದ ತನಕ ಅಂತೂ ಬಂದಿರಲಿಲ್ಲ. ಅಪ್ಪನ ಗೆಳೆಯ ದಸ್ತಗೀರ ಕಾಕಾ ಜೋಳದ ಹೊಲದ ಬದುವಿಗೆ ಬಲೆ ಕಟ್ಟುತ್ತಿದ್ದ. ಸಿಕ್ಕ ಹಕ್ಕಿಯನ್ನು ಅಲ್ಲೇ ಬಿಸ್ಮಿಲ್ಲಾ ಹೇಳಿ ಕೊಯ್ದು, ಪುಕ್ಕ ಕಿತ್ತು, ತೊಳೆದು ತರುತ್ತಿದ್ದ. ಹಾಗೆ ಕೊಯ್ದರೆ ಅವನೂ ನಮ್ಮ ಜೊತೆ ಉಣ್ಣಬಹುದಲ್ಲ, ಅದಕ್ಕೆ. ಅವನು ಬಂದ ದಿನ ಮನೆಯಲ್ಲಿ ಯಾರಿಗೂ ಬೇರೆ ಕೆಲಸ ನೆನಪಿರುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ ಮುತ್ಯಾ ಜ್ವರದಿಂದ ಮಲಗಿದವನು ವಾರಗಟ್ಟಲೆ ಏಳಲಿಲ್ಲ. ಆಳೆತ್ತರದ ಮನುಷ್ಯ ಕೌದಿಯೊಳಗೆ ಇದ್ದಾನೋ ಇಲ್ಲವೋ ಎನ್ನುವ ಹಾಗಾದ. ರಾಯಬಾಗದ ಡಾಕ್ಟರು ಸೂಜಿ ಚುಚ್ಚಿ ಕೈಚೆಲ್ಲಿದರು. ಆಗ ಆಯಿ ಪಂಢರಪುರದ ದಿಕ್ಕಿಗೆ ಕೈ ಮುಗಿದು, ಇವರು ಎದ್ದು ಕೂತರೆ ತುಳಸಿ ಮಾಳ ಹಾಕಿಕೊಳ್ಳುತ್ತೇನೆ ಎಂದು ಬೇಡಿಕೊಂಡಳು. ನಮ್ಮ ಕಡೆ ಮಾಳ ಹಾಕಿಕೊಂಡವರು ಮಾಂಸ ತಿನ್ನುವಂತಿಲ್ಲ, ಮುಟ್ಟುವಂತಿಲ್ಲ. ಹಾಕಿದ ಮಾಳ ಸಾಯುವ ತನಕ ಕೊರಳಲ್ಲೇ ಇರಬೇಕು. ವಿಠ್ಠಲ ಮಾತು ಉಳಿಸಿದ. ಮುತ್ಯಾ ಎದ್ದು ಕೂತ. ಕಾರ್ತಿಕ ಏಕಾದಶಿಗೆ ಆಯಿಯ ಕೊರಳಿಗೆ ಮಾಳ ಬಿತ್ತು. ಹರಕೆ ಹೊತ್ತಾಗ ಆಯಿ ಲೆಕ್ಕಕ್ಕೆ ಹಿಡಿದದ್ದು ತನ್ನ ನಾಲಿಗೆಯನ್ನು ಮಾತ್ರ, ಮುತ್ಯಾನ ನಾಲಿಗೆಯನ್ನು ಮರೆತೇಬಿಟ್ಟಿದ್ದಳು.

ಎದ್ದು ಕೂತನೇ ಹೊರತು ಮುತ್ಯಾ ಉಣ್ಣುತ್ತಿರಲಿಲ್ಲ. ಗಂಜಿಯನ್ನು ದೂಡಿದ, ಹಾಲನ್ನು ದೂಡಿದ, ಕೋಳಿಯ ಸಾರನ್ನು ಮೂಸಿ ನೋಡಿ ಮುಖ ತಿರುವಿದ. ಹೀಗೇ ಬಿಟ್ಟರೆ ಜ್ವರ ಮಾಡದ ಕೆಲಸವನ್ನು ಹಸಿವು ಮಾಡೀತು ಎಂದು ಎಲ್ಲರಿಗೂ ಭಯ. ಏನು ಬೇಕು ಹೇಳಿ ಎಂದು ಆಯಿ ಗೋಗರೆದಾಗ ಒಂದು ಬೆಳಿಗ್ಗೆ ಮೆಲ್ಲಗೆ ಬಾಯಿ ಬಿಟ್ಟ.

"ಕವುಜಗ ತಿನಬೇಕನಸೈತಿ. ನಿನ್ನ ಕೈಲೆ ಮಾಡಿದ್ದು."

ಆಯಿ ಕೊರಳು ಮುಟ್ಟಿ ತೋರಿಸಿದಳು. "ಇದನ್ನ ಯಾರ ಸಲುವಾಗಿ ಹಾಕ್ಕೊಂಡೇನ್ರಿ ನಾ?"

"ಇಠೋಬಾಗ ಹೇಳಿ ನೋಡ. ಅದರ ಬದಲಿ ಚಾ ಬಿಡತೇನಿ ಅನ್ನು."

ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ. ಅಂದೇ ದಸ್ತಗೀರ ಕಾಕಾನಿಗೆ ಹೇಳಿ ಕಳಿಸಿದಳು, ಆಮೇಲೆ ನನ್ನ ಅವ್ವನನ್ನು ಕರೆದಳು.

ಅವ್ವ ಅಥಣಿ ಕಡೆಯ ಹುಡುಗಿ. ಮದುವೆಯಾಗಿ ಬಂದಂದಿನಿಂದ ಸಾವಿರಾರು ರೊಟ್ಟಿ ಬಡಿದಿದ್ದಳು, ಹೊರಗಿನ ಒಲೆಯ ಬೂದಿಯನ್ನು ಮಾತ್ರ ಮುಟ್ಟಿರಲಿಲ್ಲ, ಆಯಿ ಮುಟ್ಟಗೊಟ್ಟಿರಲಿಲ್ಲ. ಮಾವನ ಎದುರು ಸೆರಗು ಇಳಿಸಿದವಳಲ್ಲ, ಅವನೂ ಸೊಸೆಯನ್ನು ನೇರ ಮಾತಾಡಿಸಿದವನಲ್ಲ. ರೊಟ್ಟಿ ಬೇಕಾದರೂ ಆಯಿಗೆ ಹೇಳುವನು, ಆಯಿ ಅವ್ವನಿಗೆ ಹೇಳುವಳು. ಅಂಥವಳ ಕೈಗೆ ಆ ಗಡಿಗೆ ಬಂತು, ಜೊತೆಗೆ ಮುತ್ಯಾನ ಜೀವವೂ ಬಂದ ಹಾಗೆ. ದಸ್ತಗೀರ ಕಾಕಾ ಹಕ್ಕಿ ತಂದ ದಿನ ಆಯಿ ಒಲೆಯಿಂದ ದೂರ, ಅಂಗಳದ ಇನ್ನೊಂದು ಬದಿಗೆ ಬೇವಿನ ಗಿಡದ ಕೆಳಗೆ ಹಗ್ಗದ ಹೊರಸು ಹಾಕಿಸಿಕೊಂಡಳು. ಹಾಕಿಸುವ ಮುಂಚೆ ಒಂದು ಚಿಟಿಕೆ ಮಣ್ಣು ತೂರಿ ಗಾಳಿ ಯಾವ ಕಡೆ ಹೋಗುತ್ತದೆಂದು ನೋಡಿದಳು. ಒಲೆಯ ವಾಸನೆಯೆಲ್ಲ ನೇರ ಬಂದು ಬಡಿಯುವ ಕಡೆಗೇ ಕೂತಳು. ದಸ್ತಗೀರ ಕಾಕಾ ಮೀಸೆಯಲ್ಲೇ ನಕ್ಕು, "ಏನ್ ಬೇ ಆಯಿ, ಮಾಳ ಹಾಕ್ಕೊಂಡ ಮ್ಯಾಲ ವಾಸನಿ ತಗೊಂಡ್ರ ನಡೀತೈತೇನು?" ಎಂದ.

"ಮಾಳ ಕೊರಳಾಗ ಹಾಕೇನಿ. ಮೂಗಿಗೆ ಹಾಕಿಲ್ಲ," ಎಂದಳು ಆಯಿ.

ಅಲ್ಲಿಂದಲೇ ಆಯಿಯ ಅಪ್ಪಣೆ ಶುರುವಾಯಿತು. ಕೊಬ್ಬರಿ ಇನ್ನೊಂದು ಚೂರು ಸುಡು, ಸಾಕು, ಸಾಕಂದೆನಲ್ಲ, ಕಹಿ ಮಾಡಿದಿ. ನೆಣ ಕರಗಿತು, ಈಗ ಉಳ್ಳಾಗಡ್ಡಿ. ಶುಂಠಿ ಕಡಿಮೆಯಾಗಿದೆ, ನನಗೆ ವಾಸನೆ ಬರುತ್ತಿಲ್ಲ. ಆಯಿ ಕಣ್ಣು ಮುಚ್ಚಿ ಕೂತು, ದೂರದಿಂದಲೇ ಆ ಗಡಿಗೆಯನ್ನು ಪದರು ಪದರಾಗಿ ತುಂಬಿಸಿದಳು. ಅವ್ವನ ಹಣೆಯ ಮೇಲೆ ಬೆವರು, ಮೂಗಿನ ಮೇಲೆ ಬೂದಿ. ಮಸಾಲೆ ನೆಣದಲ್ಲಿ ಬಿದ್ದಾಗ ಎದ್ದ ಆ ಘಮಕ್ಕೆ ಕೊಟ್ಟಿಗೆಯ ಎಮ್ಮೆಯೂ ತಲೆ ಎತ್ತಿತು. ಕಣಕ ಮೆತ್ತಿದ್ದಾಯಿತು, ಕೆಂಡ ಹರವಿದ್ದಾಯಿತು, ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯಿತು. ಒಳಗೆ ಮುತ್ಯಾ ಮಲಗಿದಲ್ಲೇ ಎರಡು ಸಲ ಕೆಮ್ಮಿದ. ಅದು ರೋಗದ ಕೆಮ್ಮಲ್ಲ, ಆಯಿತೇನು ಎಂದು ಕೇಳುವ ಕೆಮ್ಮು.

ಅಷ್ಟರಲ್ಲಿ ಹೊತ್ತಿದ ವಾಸನೆ ಬಂತು. ಆಯಿ ಕೂತಲ್ಲೇ ಚೀರಿದಳು. "ತಳಾ ಹಿಡೀತ ಬೇ! ಕಣಕ ಬಿಚ್ಚು, ನೀರ ಹಾಕು!"

ಅವ್ವ ಗಡಿಗೆಯ ಹತ್ತಿರ ಕಿವಿ ಒಯ್ದಳು. ಸುಡುವ ಕೆಂಡದ ಮಗ್ಗುಲಲ್ಲಿ ಸೆರಗು ಒತ್ತಿ ಹಿಡಿದು ಬಹಳ ಹೊತ್ತು ಕೇಳಿದಳು. ಆಮೇಲೆ ಆ ಮನೆಗೆ ಬಂದ ಮೇಲೆ ಮೊದಲ ಬಾರಿ ಎದುರು ಮಾತಾಡಿದಳು.

"ಬಿಚ್ಚಂಗಿಲ್ರಿ ಅತ್ತಿ. ಒಳಗ ಇನ್ನೂ ಗುಳುಗುಳು ಅನ್ನಾಕತ್ತೈತಿ. ಹೊತ್ತಿದ್ದು ಕಣಕದ ಅಂಚ್ರಿ."

ಆಯಿ ಎದ್ದಳು. ಸರಸರ ಅಂಗಳದ ನಡುವಿನ ತನಕ ಬಂದಳು, ಕೈ ಮುಂದಕ್ಕೆ ಚಾಚಿಯೇ ಇತ್ತು. ಇನ್ನೊಂದಿಷ್ಟು ಬಂದಿದ್ದರೆ ಗಡಿಗೆ ಅವಳ ಕೈಯಲ್ಲಿರುತ್ತಿತ್ತು, ಹರಕೆ ಮಣ್ಣಲ್ಲಿರುತ್ತಿತ್ತು. ದಸ್ತಗೀರ ಕಾಕಾ ಬೀಡಿ ಕೆಳಗೆ ಹಾಕಿ ನಿಂತುಬಿಟ್ಟ. ಆಯಿ ಅವ್ವನ ಮುಖ ನೋಡಿದಳು. ಅವ್ವ ಹೆದರಿದ್ದಳು, ಆದರೆ ಗಡಿಗೆಯ ಮುಂದಿನಿಂದ ಸರಿಯಲಿಲ್ಲ. ಆಯಿಯ ಕೈ ಮೆಲ್ಲಗೆ ಹಿಂದೆ ಬಂದು ಮಾಳ ಹಿಡಿದುಕೊಂಡಿತು. ತಿರುಗಿ ಹೋಗಿ ಹೊರಸಿನ ಮೇಲೆ ಕೂತಳು.

ಕಣಕ ಒಡೆದಾಗ ಅವ್ವ ಹೇಳಿದ್ದೇ ಸರಿಯಾಗಿತ್ತು. ತಳ ಹಿಡಿದಿರಲಿಲ್ಲ. ಮಸಾಲೆಯ ಅಂಚಿಗೆಲ್ಲ ಕೆಂಪು ಎಣ್ಣೆ ನಿಂತಿತ್ತು, ಸೌಟು ತಾಕಿದರೆ ಸಾಕು ಮಾಂಸ ಎಲುಬು ಬಿಡುತ್ತಿತ್ತು. ಮುತ್ಯಾನನ್ನು ಎತ್ತಿ ತಂದು ಪಡಸಾಲೆಯ ಗೋಡೆಗೆ ಒರಗಿಸಿದರು. ಮುತ್ಯಾ ಜೋಳದ ರೊಟ್ಟಿ ಮುರಿದು, ಅದ್ದಿ, ಬಾಯಿಗಿಟ್ಟು ನಿಧಾನ ಜಗಿದ. ಅಂಗಳದಾಚೆಯಿಂದ ಆಯಿಯ ದನಿ ಬಂತು. ಜನ್ಮದಲ್ಲಿ ಕೇಳದಿದ್ದುದನ್ನು ಕೇಳಿದಳು: "ಹೆಂಗಾಗೈತ್ರಿ?"

"ನಿನ್ನ ಕೈದಂಗ ಆಗಿಲ್ಲ," ಎಂದ ಮುತ್ಯಾ.

ಅವ್ವನ ಮುಖ ಇಷ್ಟಾಯಿತು. ಮುತ್ಯಾ ಇನ್ನೊಂದು ತುತ್ತು ನುಂಗಿದ, ಮತ್ತೊಂದು. ತಟ್ಟೆ ಬರಿದಾದ ಮೇಲೆ ತಲೆ ಎತ್ತಿ, ಆಯಿಯ ಕಡೆ ತಿರುಗದೆ, ಬಾಗಿಲ ಮರೆಯಲ್ಲಿದ್ದ ಸೊಸೆಯನ್ನು ನೇರ ಕರೆದ. "ಅವ್ವಾ, ಇನ್ನೊಂದ ರೊಟ್ಟಿ ತಾ. ಸಾರೂ ಹಾಕು." ಅವ್ವ ರೊಟ್ಟಿ ತಂದಿಟ್ಟು ಸಾರು ಬಡಿಸಿದಳು. ಆಯಿ ದೂರದಲ್ಲೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು, ಒಲೆ ಆರಿ ಎಷ್ಟೋ ಹೊತ್ತಾಗಿತ್ತು.

ಮುತ್ಯಾ ಅದಾದ ಮೇಲೆ ಬಹಳ ವರ್ಷ ಉಂಡ. ಈಗ ಅವನಿಲ್ಲ, ಆಯಿ ಇಲ್ಲ, ಅವ್ವನೂ ಹೋದಳು. ಮನೆಯಿದ್ದ ಜಾಗದಲ್ಲಿ ಕಬ್ಬು ನಿಂತಿದೆ, ನಮ್ಮದೇ ಕಬ್ಬು, ಚೆನ್ನಾಗಿಯೇ ಬರುತ್ತದೆ. ಬದುವಿನ ಕಡೆಯಿಂದ ಬೆಳಿಗ್ಗೆ ಎಂದಾದರೂ ಕವುಜಗ ಕೂಗಿದರೆ ನಿಂತು ಕೇಳುತ್ತೇನೆ, ಅಷ್ಟೇ. ಅವು ಉಳಿದಿರುವುದೇ ಸಂತೋಷ. ಗಡಿಗೆಯಲ್ಲಿ ಬೇಯಿಸಲು ಸಾಕಿದ ಲಾವಕ್ಕಿ ಸಿಗುತ್ತದೆ. ಓಡಿ ಗೊತ್ತಿಲ್ಲದ ಹಕ್ಕಿ, ಬೇಗ ಬೇಯುತ್ತದೆ, ನನ್ನ ಮಕ್ಕಳು ಚಪ್ಪರಿಸಿ ತಿನ್ನುತ್ತಾರೆ. ನನಗೂ ದೂರಿಲ್ಲ.

ಆದರೆ ಆ ಮನೆಯನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಅದರ ಮುಂದಿನ ಸಲದ ಅಡುಗೆ. ದಸ್ತಗೀರ ಕಾಕಾ ಮತ್ತೆ ಹಕ್ಕಿ ತಂದಿದ್ದ. ಅವ್ವ ಗಡಿಗೆಯನ್ನು ಒಲೆಯ ಮೇಲಿಟ್ಟು, ಬೇವಿನ ಕೆಳಗಿನ ಹೊರಸನ್ನು ಹೋದ ಸಲದ ಹಾಗೆಯೇ ಸರಿಮಾಡಿ ಇಟ್ಟಿದ್ದಳು. ಆಯಿ ಬಂದು ಅದರ ಕಾಲು ಹಿಡಿದು ದರದರ ಎಳೆದುಕೊಂಡು ಗಿಡದ ಆಚೆ ಬದಿಗೆ ಹೋದಳು.

"ಅಲ್ಲಿ ವಾಸನಿ ಬರೂದಿಲ್ರಿ ಅತ್ತಿ," ಎಂದಳು ಅವ್ವ.

"ಬರೂದು ಬ್ಯಾಡ. ನೀ ಇದ್ದೀಯಲ್ಲ."

ಗಡಿಗೆಯಲ್ಲಿ ಹಕ್ಕಿ ಬೇಯುತ್ತಿರುವಾಗ ಆಯಿ ನಿದ್ದೆ ಮಾಡಿದ್ದನ್ನು ನಾವು ನೋಡಿದ್ದು ಅದೇ ಮೊದಲು.