ಅಪ್ಪ ತಂದ ಎಳೆಯ ಗೊನೆ

ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಕನ್ನಡವನ್ನು ಮನೆಯಲ್ಲಿ ಆಡಿ ಕಲಿತವನು. ಬರೆಯುವುದನ್ನು ತಡವಾಗಿ ರೂಢಿಸಿಕೊಂಡವನು. ಆದ್ದರಿಂದ ಇಲ್ಲಿ ಪದ ತಪ್ಪಿದ್ದರೆ, ಸಂಗತಿಗಳು ಹಿಂದುಮುಂದಾಗಿದ್ದರೆ, ಓದುವವರು ತಿದ್ದಿಕೊಳ್ಳಬೇಕೆಂದು ಮೊದಲಿಗೇ ಬೇಡಿಕೊಳ್ಳುತ್ತೇನೆ.

ಅದು ನಿಜಾಮರ ಆಡಳಿತದ ಕಾಲ. ಕಮಲಾಪುರದಲ್ಲಿ ನಮ್ಮದು ಕೆಂಪು ಬಾಳೆಯ ತೋಟ. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಲಬುರಗಿಯ ಗಾಜಿಪುರದಲ್ಲಿ ಒಬ್ಬ ಮುಸ್ಲಿಂ ವೃದ್ಧೆಯ ಮನೆಯ ಹೊರಗೋಣೆಯನ್ನು ತಂದೆಯವರು ನನಗಾಗಿ ಬಾಡಿಗೆಗೆ ಹಿಡಿದಿದ್ದರು. ಆಕೆಯನ್ನು ನಾನು ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎಂದು ಕರೆಯುತ್ತಿದ್ದೆ.

ಮೊದಲು ತಂದೆಯವರು ಬರುತ್ತಿದ್ದುದು ಅಪರೂಪ. ಮ್ಯಾಟ್ರಿಕ್ ವರ್ಷ ಮಾತ್ರ, ಒಂದು ಬಾಳೆಗೊನೆಯನ್ನು ತಂದು ನನ್ನ ಕೋಣೆಯ ಮೂಲೆಯಲ್ಲಿ ಹುಲ್ಲು ಹೊದಿಸಿಟ್ಟು, ಅದು ಹಣ್ಣಾಯಿತೇ ಎಂದು ನೋಡಲು ಮತ್ತೆ ಮತ್ತೆ ಬರತೊಡಗಿದರು. ಕಾಯಿ ಹಣ್ಣು ಮಾಡಲು ಊರಿನಲ್ಲಿ ನಮಗೆ ಬೇರೆ ಕೋಣೆಯೇ ಇತ್ತು; ಆದರೂ ಇಲ್ಲಿಗೇ ತಂದಿದ್ದರು. ಬಂದವರು ಗೊನೆಯನ್ನು ಮುಟ್ಟಿ ನೋಡುವರು. ನನ್ನ ಪುಸ್ತಕಗಳನ್ನೂ ಹೊರಳಿಸಿ ನೋಡುವರು. ಮಾತು ಕಡಿಮೆ. ಮೀಸೆ ಮೂಡಿದ ಮಗ ತಂದೆಯ ಎದುರು ಕೂಡಬಾರದೆಂಬ ರೂಢಿಯಿದ್ದುದರಿಂದ ನಾನು ನಿಂತೇ ಇರುತ್ತಿದ್ದೆ.

ಒಂದು ದಿನ ಖಾಲಾ ನಗುತ್ತ ಹೇಳಿದಳು: “ಬೇಟಾ, ನೀ ಸಾಲಿಗಿ ಹೋದ ಮ್ಯಾಲ ನಿಮ್ಮಪ್ಪ ಬಂದಿದ್ರು. ಹುಡುಗ ಯಾವಾಗ ಮಲಗ್ತಾನ, ಏನ್ ತಿಂತಾನ, ದೋಸ್ತರು ಯಾರು, ಎಲ್ಲಾ ಕೇಳಿದ್ರು. ಅಲ್ಲಾ ಕಸಮ್, ಪೊಲೀಸ್ ಫೌಜದಾರ ಸುದ್ದಾ ಇಷ್ಟು ಕೇಳೂದಿಲ್ಲ!”

ನನಗೆ ನಗು ಬರಲಿಲ್ಲ. ಏಕೆಂದರೆ ಹಿಂದಿನ ವಾರವೇ ಸ್ಟೇಶನ್ ಬಜಾರದಲ್ಲಿ ನಮ್ಮೂರ ಗಾಡಿಯವನು ನನ್ನನ್ನು ತಡೆದು, “ಏನ್ ಸಾಹೇಬ್ರ, ತ್ವಾಟಕ್ಕ ಆಳು ಸಿಗವಲ್ರಂತ. ನಿಮ್ಮಪ್ಪ ನಿನ್ನ ಸಾಲಿ ಬಿಡಸ್ತಾನಂತಲ್ಲ?” ಎಂದು ಚುಚ್ಚಿದ್ದ.

ಅಂದಿನಿಂದ ಎಲ್ಲವೂ ಪುರಾವೆಯಂತೆಯೇ ತೋರತೊಡಗಿತು. ಗೊನೆ ಬರಿಯ ನೆಪ, ನನ್ನ ತಪ್ಪು ಹುಡುಕಲೆಂದೇ ಈ ಓಡಾಟ ಎಂದು ತರ್ಕಿಸಿದೆ. ಖಾಲಾಳ ಮೇಲೂ ಗುಮಾನಿ ಬಂತು. ಬರೆಯದಿದ್ದಾಗಲೂ ಮಸಿಯ ದೌತಿಯ ಮುಚ್ಚಳ ತೆಗೆದಿಡತೊಡಗಿದೆ. ನೋಡಿದವರಿಗೆ ಓದುತ್ತಿರುವಂತೆ ಕಾಣಲಿ ಎಂದು.

ಮುಂದಿನ ಸಲ ತಂದೆಯವರು ಹುಲ್ಲು ಸರಿಸಿದಾಗ ನಾನೂ ಬಗ್ಗಿ ನೋಡಿದೆ. ಕಾಯಿಗಳ ಮೈಮೇಲಿನ ಏಣುಗಳು ಇನ್ನೂ ಚೂಪಾಗಿದ್ದವು. ಏಣು ಮಾಸಿ ಕಾಯಿ ದುಂಡಗಾಗುವವರೆಗೆ ನಮ್ಮ ತೋಟದಲ್ಲಿ ಯಾರೂ ಗೊನೆ ಕಡಿಯುವಂತಿರಲಿಲ್ಲ. ಕಡಿದ ಆಳುಗಳಿಗೆ ಬೈದವರು ಇವರೇ. ಅಷ್ಟು ಎಳೆಯದು ಬೇಗ ಹಣ್ಣಾಗದು, ಬಾಡಿಯೇ ಹೋಗಬಹುದು. ನನ್ನ ಸಂಶಯ ಗಟ್ಟಿಯಾಯಿತು.

“ಎಪ್ಪಾ, ಇಷ್ಟು ಎಳೀ ಗೊನಿ ಯಾಕ ಕಡದಿ?”

“ಬಲತದ್ದು ತಂದ್ರ ಲಗೂ ಹಣ್ಣಾಗ್ತದ. ಆಮ್ಯಾಗ ಏನ್ ನೆಪ ಮಾಡ್ಕೊಂಡು ಬರ್ಲಿ?”

“ಸಾಲಿ ಬಿಡಸಾಕ ನೆಪ ಯಾಕ ಬೇಕು?”

ಅವರ ಮುಖ ಕೆಂಪಾಯಿತು. “ಯಾಂವ ಅಂದಾನ ಹಂಗ? ಬಿಡಸೂದಿದ್ರ ಕಿವಿ ಹಿಡದು ಎಳಕೊಂಡು ಹೋಗ್ತಿದ್ದೆ, ಗೊನಿ ಹೊತ್ಕೊಂಡು ಬರ್ತಿದ್ನೇನು? ಊರಿಗಿ ಬಂದ್ರ ಕಂಬದ ಹಿಂದ ನಿಲ್ತಿ, ಬಾಯೇ ಬಿಡವಲ್ಲಿ. ಮಗ ಹ್ಯಾಂಗ ಅದಾನ ಅಂತ ಮಂದಿಗಿ ಕೇಳೂ ಗತಿ ಬಂದದ ನನಗ.” ಚಾಪೆ ತಟ್ಟಿ, “ಕೂಡು ಇಲ್ಲಿ” ಎಂದರು.

ಚಾಪೆಯ ಅಂಚಿಗೆ ಕೂತೆ. ಪುಸ್ತಕ ತೋರಿಸಿ ಓದೆಂದರು. ಉರ್ದು ಪಾಠವನ್ನು ಓದಿ ಕನ್ನಡದಲ್ಲಿ ಹೇಳಿದೆ. ನಡುವೆ ಎರಡು ಪ್ರಶ್ನೆ ಕೇಳಿದರು; ಪುಟ ಹಿಂದಕ್ಕೆ ತಿರುಗಿಸಿ ಉತ್ತರ ಹುಡುಕಿ ಹೇಳಿದೆ. ಆಗಲೂ ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲ. ಪರೀಕ್ಷೆ ಬರಲಿ, ನೋಡೋಣ ಎಂದುಕೊಂಡೆ.

ಪರೀಕ್ಷೆ ಬಂದಿತು; ಅವರು ಶಾಲೆ ಬಿಡಿಸಲಿಲ್ಲ. ಆಳು ಸಿಗದ ಕಾರಣ ಅರ್ಧ ತೋಟವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟರು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ತಂದೆಯವರು ಉಂಡು ಎದ್ದ ಮೇಲೆಯೇ ಮಕ್ಕಳ ಊಟ. ಆ ಬೇಸಿಗೆಯಲ್ಲಿ ನಾನು ಊರಿಗೆ ಹೋದಾಗ, ಅಜ್ಜಿ ಗೊಣಗಿದರೂ ಕೇಳದೆ, ನಮ್ಮ ತಾಟುಗಳನ್ನು ತಮ್ಮ ಪಕ್ಕದಲ್ಲೇ ಹಾಕಿಸಿದರು. ಮುಂದೆ ನನ್ನ ಇಬ್ಬರು ತಮ್ಮಂದಿರೂ ಕಲಬುರಗಿಯಲ್ಲಿ ಓದಿದರು. ನಮ್ಮ ಮನೆಯಲ್ಲಿ ತಂದೆ ಮಕ್ಕಳು ಇಂದಿಗೂ ಕೂಡಿಯೇ ಉಣ್ಣುತ್ತಾರೆ.