ತೆಯೊಫಿಲೊ ಮೇಸ್ಟ್ರು ಮುಚ್ಚಳ ತೆಗೆಯದ ಮಡಕೆ

ಫಿಲಿಪ್ಪೀನ್ಸಿನ ನಮ್ಮ ಬತಾಂಗಾಸ್ ಕರಾವಳಿಯಲ್ಲಿ ತೆಯೊಫಿಲೊ ಮೇಸ್ಟ್ರಷ್ಟು ಓದಿದವರೂ ಇಲ್ಲ, ಅವರಷ್ಟು ತಲೆ ತಿನ್ನುವವರೂ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಊರಿನವರನ್ನೇ ಹಿಡಿದು ಕೂರಿಸತೊಡಗಿದರು. ಒಂದು ಇಂಗ್ಲಿಷ್ ಪದ ಕಿವಿಗೆ ಬಿದ್ದರೆ ಸಾಕು, ಅದಕ್ಕೆ ನಮ್ಮ ತಗಾಲೊಗ್ ಭಾಷೆಯಲ್ಲಿರುವ ಅರ್ಥಗಳನ್ನೆಲ್ಲ ಹೇಳಿ ಮುಗಿಸುವವರೆಗೆ ಬಿಡುವುದಿಲ್ಲ. ನನ್ನ ಗಂಡ ತೀರಿಹೋದಾಗ ಯಾರೋ 'ಪಾಸ್ಡ್ ಅವೇ' ಎಂದುಬಿಟ್ಟರು. ಈ ಮನುಷ್ಯ ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು, ಪಾಸ್ ಎಂದರೆ ಪರೀಕ್ಷೆಯಲ್ಲಾದರೆ 'ಪಸಾ', ದಾರಿಯಲ್ಲಾದರೆ 'ದಾಆನ್', ಊಟದ ತಟ್ಟೆ ದಾಟಿಸುವುದಾದರೆ 'ಅಬೊಟ್' ಎಂದು ಶುರುಮಾಡಿದರು. ಅಂದಿನಿಂದ ನನಗೆ ಅವರನ್ನು ಕಂಡರೆ ಮೈಯುರಿ.

ಅವರ ಒಬ್ಬಳೇ ಮಗಳು ಲುನಿಂಗ್‌ನಿಂಗ್ ಮೀನುಗಾರ ಕ್ರಿಸ್ಪುಲೊನ ಮಗನನ್ನು ಮೆಚ್ಚಿದ್ದಳು. ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ಅವನ ಅಪ್ಪ ಅಮ್ಮ ಹೆಣ್ಣು ಕೇಳಲು ಬಂದರು. ಪಕ್ಕದ ಮನೆಯ ಹಿರಿಯಳೆಂದು ನನ್ನನ್ನೂ ಕರೆದಿದ್ದರು. ನಮ್ಮ ಕೇರಿಯಲ್ಲಿ ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಗಂಡಿನವರು ತಂದ ಮಡಕೆಯ ಮುಚ್ಚಳ ತೆಗೆದು ಹೆಣ್ಣಿನ ಅಪ್ಪ ಮೊದಲ ತುತ್ತು ತಿಂದರೆ ಒಪ್ಪಿದಂತೆ. ಮಡಕೆ ಮುಚ್ಚಿದಂತೆಯೇ ಹಿಂದಿರುಗಿದರೆ ಸಂಬಂಧ ಮುರಿದಂತೆ.

ಕ್ರಿಸ್ಪುಲೊನ ಹೆಂಡತಿ ಬಿಂಬುಳಿಯ ಹುಳಿಕಾಯಿ ಹಾಕಿ ಬೆಳಗಿನಿಂದ ಬೇಯಿಸಿದ್ದ ಮೀನಿನ ಮಡಕೆಯನ್ನು ಮೇಸ್ಟ್ರ ಮುಂದಿಟ್ಟಳು. ಮೇಸ್ಟ್ರಿಗೆ ಹಿತವಾಗಲೆಂದು ಕ್ರಿಸ್ಪುಲೊ ದೋಣಿಯಲ್ಲಿ ಕೂತು ಉರುಹೊಡೆದಿದ್ದ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಒಪ್ಪಿಸಿದ: "ಸರ್, ವಿ ಆಸ್ಕ್ ಯುವರ್ ಡಾಟರ್."

"ಯಾವ ಆಸ್ಕು?" ಮೇಸ್ಟ್ರು ಕಾಲ ಮೇಲೆ ಕಾಲು ಹಾಕಿದರು. "ಪ್ರಶ್ನೆ ಕೇಳೋದಾದ್ರೆ ತನೋಂಗ್. ಒಂದು ಚಿಟಿಕೆ ಉಪ್ಪು ಕೇಳೋದಾದ್ರೆ ಹಿಂಗಿ. ಕೈಮುಗಿದು ಬೇಡ್ಕೊಳ್ಳೋದಾದ್ರೆ ಪಾಕಿಯೂಸಪ್. ನೀನು ಬಂದಿರೋದು ಯಾವುದಕ್ಕಪ್ಪಾ?"

ಕ್ರಿಸ್ಪುಲೊನ ಕಿವಿ ಕೆಂಪಾಯಿತು. ಮೇಸ್ಟ್ರ ಹೆಂಡತಿ, "ಮೊದ್ಲು ಮುಚ್ಚಳ ತೆಗೀರಿ ಅಂದ್ರೆ," ಎಂದು ಪಿಸುಗುಟ್ಟಿದಳು.

"ಇರೇ, ಇನ್ನೂ ಅರ್ಥ ಬಾಕಿ ಇದೆ."

ಮೀನು ಆರತೊಡಗಿತು. ಮೇಸ್ಟ್ರ ಬಾಯಿ ಆರಲಿಲ್ಲ. ಕೊನೆಗೆ ಕ್ರಿಸ್ಪುಲೊನ ಹೆಂಡತಿ ಎದ್ದಳು. "ಗೊತ್ತಾಯ್ತು ಬಿಡಿ ಮೇಸ್ಟ್ರೇ. ಮೀನು ಹಿಡಿಯೋರ ಮನೆ ನಿಮಗೆ ಸರಿಬರಲ್ಲ," ಎಂದು ಮಡಕೆ ಎತ್ತಿಕೊಂಡಳು. ಹುಡುಗ ಕಣ್ಣೊರೆಸಿಕೊಳ್ಳುತ್ತ ಅವಳ ಹಿಂದೆ ಹೊರಟ.

ನನಗೆ ತಡೆಯಲಾಗಲಿಲ್ಲ. "ಮೇಸ್ಟ್ರೇ, ನಿಮ್ಮ ಮಗಳ ಬಾಳು ಮೆಟ್ಟಿಲಿಳಿದು ಹೋಗ್ತಿದೆ! ಕಣ್ಣು ಕಾಣಲ್ವಾ?"

"ನೋಡಿ, ಹೋಗು ಅನ್ನೋ ಪದ ತಗೊಳ್ಳಿ—" ಎಂದು ಮೇಸ್ಟ್ರು ನನ್ನ ಕಡೆ ತಿರುಗಿದರು.

ಅಷ್ಟರಲ್ಲಿ ಲುನಿಂಗ್‌ನಿಂಗ್ ಅಡುಗೆಮನೆಯಿಂದ ನುಗ್ಗಿ ಬಂದಳು. ಅತ್ತೆಯಾಗಬೇಕಾದವಳ ಕೈಯಲ್ಲಿದ್ದ ಮಡಕೆಯ ಮುಚ್ಚಳ ಕಿತ್ತು, ಮೀನಿನ ತುಂಡೊಂದನ್ನು ಮುರಿದು, ತೆರೆದೇ ಇದ್ದ ಅಪ್ಪನ ಬಾಯೊಳಗೆ ತುರುಕಿದಳು.

"ನುಂಗಪ್ಪಾ."

ನಾವೆಲ್ಲ ಮೇಸ್ಟ್ರ ಗಂಟಲನ್ನೇ ನೋಡುತ್ತ ನಿಂತೆವು. ಉಗುಳಲು ಕಿಟಕಿಯ ಕಡೆ ಹೊರಟರು, ಮಗಳು ಅಡ್ಡ ನಿಂತಳು. ಗುಟುಕ್ಕೆಂದಿತು. ಕ್ರಿಸ್ಪುಲೊನ ಹೆಂಡತಿ ಮಡಕೆಯನ್ನು ಮತ್ತೆ ಕೆಳಗಿಟ್ಟಳು.